ಬಾಳೆಹಣ್ಣಿನ ಸೀಟಿನ ಹಳೇ ಶ್ವಿನ್ ಸೈಕಲ್ ಸಿಕ್ಕಿದೆ: ಹೊಸ ಪೇಂಟ್ ಹೊಡೆಸಲೋ, ಹಾಗೇ ಬಿಡಲೋ?

ತಿಪಟೂರು_ನೇಪರ್‌ವಿಲ್:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿದ್ದೇನೆ. ಹೋದ ಶನಿವಾರ ನಮ್ಮ ಬೀದಿಯ ಕೊನೆಯ ಮನೆಯವರು ಗ್ಯಾರೇಜ್ ಸೇಲ್ ಇಟ್ಟಿದ್ದರು. ನಾನು ಹೋಗಿದ್ದು ಏಣಿ ನೋಡೋಕೆ. ಏಣಿಯ ಹಿಂದೆ ಗೋಡೆಗೆ ಒರಗಿಸಿದ್ದ ಕಿತ್ತಳೆ ಬಣ್ಣದ ಸೈಕಲ್ ಕಣ್ಣಿಗೆ ಬಿತ್ತು. ಉದ್ದನೆಯ ಸೀಟು, ಎಮ್ಮೆ ಕೊಂಬಿನ ಹಾಗೆ ಮೇಲೆದ್ದ ಹ್ಯಾಂಡಲ್, ಸೀಟಿನ ಹಿಂದೆ ಎತ್ತರದ ಕಂಬಿ, ಚೈನ್ ಕವರ್ ಮೇಲೆ ಆರೆಂಜ್ ಕ್ರೇಟ್ ಅಂತ ಹೆಸರು. '1968ರದ್ದು, ಪಕ್ಕಾ ಒರಿಜಿನಲ್' ಅಂದರು. 600 ಡಾಲರ್ ಕೇಳಿದರು, ಚೌಕಾಸಿ ಮಾಡಿ 450ಕ್ಕೆ ತಂದೆ. ಏಣಿ ಅಲ್ಲೇ ಉಳಿಯಿತು.

ಅಪ್ಪ ಈಗ ನಮ್ಮ ಜೊತೆ ಇದ್ದಾರೆ, ಆರು ತಿಂಗಳಿಗೆ ಬಂದಿದ್ದಾರೆ. ತಿಪಟೂರಿನಲ್ಲಿ ಮೂವತ್ತು ವರ್ಷ ಸೈಕಲ್ ಶಾಪ್ ಇಟ್ಟವರು, ಗಂಟೆ ಲೆಕ್ಕದ ಬಾಡಿಗೆ ಸೈಕಲ್, ಪಂಚರ್, ಓವರಾಯ್ಲಿಂಗ್ ಎಲ್ಲ. ಇದನ್ನು ಸುತ್ತು ಹಾಕಿ ನೋಡಿ 'ಇದು ಸೈಕಲ್ಲೋ ಮಂಚವೋ' ಅಂತ ಕೇಳಿ ಒಳಗೆ ಹೋದರು.

ವಿಷಯ ಇಷ್ಟೆ. ಪೇಂಟ್ ಮಂಕಾಗಿದೆ, ಎರಡು ಮೂರು ಕಡೆ ಇಳಿದು ಹನಿ ಹನಿಯಾಗಿ ಒಣಗಿದೆ. ಹ್ಯಾಂಡಲ್ ಮತ್ತು ರಿಮ್ ಮೇಲೆ ತುಕ್ಕು. ಫ್ರೇಮ್ ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ ಅದೇ ಕಿತ್ತಳೆಯಲ್ಲಿ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹೊಡೆದು ಬಿಸಿಯಲ್ಲಿ ಕೂರಿಸುವುದು) ಹೊಡೆಸೋಣ ಅಂತಿದ್ದೇನೆ. ಪರಿಚಯದವರೊಬ್ಬರ ಶಾಪ್ ಇದೆ, ಕಡಿಮೆಗೆ ಮಾಡಿಕೊಡುತ್ತಾರೆ. ಸರಿಯಾ?

ಗುಜರಿ_ಗುರು:
ಸ್ವಾಮಿ, ಮೊದಲು ಆ ಶಾಪ್‌ನವರಿಗೆ ಫೋನ್ ಮಾಡಿ ಈ ವಾರ ಬರಲ್ಲ ಅಂತ ಹೇಳಿಬಿಡಿ. ಮರಳು ಹೊಡೆದ ಮೇಲೆ ಹಿಂದಕ್ಕೆ ಬರೋ ದಾರಿ ಇಲ್ಲ.

ನಾನು ಮಿಶಿಗನ್‌ನಲ್ಲಿದ್ದೇನೆ, ಇಪ್ಪತ್ತು ವರ್ಷದಿಂದ ಇದೇ ಹುಚ್ಚು. ಪ್ರತಿ ವಸಂತದಲ್ಲಿ ಆನ್ ಆರ್ಬರ್ ಹಳೇ ಸೈಕಲ್ ಜಾತ್ರೆಗೆ ಹೋಗಿ ಮನೆಯವರ ಹತ್ತಿರ ಬೈಸಿಕೊಳ್ಳುವ ಜಾತಿ. ಅಲ್ಲಿ ಕಲಿತದ್ದು ಒಂದೇ: ಹಳೇ ಪೇಂಟ್ ಎಷ್ಟೇ ಕೆಟ್ಟಿರಲಿ, ಕಂಪನಿಯದ್ದು ಅಂತಾದರೆ ಅದಕ್ಕೆ ಬೆಲೆ ಇದೆ. ಹೊಸದಾಗಿ ಬಳಿದದ್ದು ಎಷ್ಟೇ ಚೆನ್ನಾಗಿರಲಿ, ಅದು ಬಳಿದದ್ದೇ.

ಇನ್ನೊಂದು ಮಾತು. ಹನಿಹನಿಯಾಗಿ ಇಳಿದಿದೆ ಅಂದಿರಲ್ಲ, ಅದೇ ನನಗೆ ಅನುಮಾನ. ಶ್ವಿನ್ ಕಾರ್ಖಾನೆಯ ಪೇಂಟ್ ಹಾಗಿರಲ್ಲ. ಇಷ್ಟು ನೋಡಿ ಹೇಳಿ: ಹಿಂದಿನ ಚಕ್ರದ ಆಕ್ಸಲ್ ಕೂರುವ ತಗಡು ಇದೆಯಲ್ಲ, ಎಡಗಡೆಯದ್ದು, ಅದರ ಮೇಲೆ ಎರಡು ಅಕ್ಷರ ಮತ್ತು ಒಂದಿಷ್ಟು ಅಂಕಿ ಒತ್ತಿರಬೇಕು. ಅಲ್ಲಿ ಇಲ್ಲದಿದ್ದರೆ ಮುಂದೆ, ಹ್ಯಾಂಡಲ್ ಕೆಳಗಿನ ಹೆಡ್ ಪೈಪ್ ಮೇಲೆ ನೋಡಿ. 1970ರಲ್ಲಿ ನಂಬರ್ ಅಲ್ಲಿಗೆ ಹೋಯಿತು. ಆಮೇಲೆ ಮುಂದಿನ ಚಕ್ರದ ಅಳತೆ. ಸೀಟಿನ ಮುಂದೆ ಮೇಲಿನ ಪೈಪ್ ಮೇಲೆ ಕಾರಿನ ಗೇರ್ ತರಹದ ಲಿವರ್ ಇದೆಯಾ? ಮುಂದಿನ ಫೋರ್ಕ್‌ಗೆ ಸ್ಪ್ರಿಂಗ್ ಇದೆಯಾ? ಚೈನ್ ಕವರ್ ಮೇಲಿನ ಹೆಸರಿನ ಅಂಚಿಗೆ ಉಗುರು ಹಾಕಿ ನೋಡಿ, ಏಳುತ್ತದಾ?

ಮಂಡ್ಯ_ಮಿಲ್ಪಿಟಾಸ್:
ಫೋಟೋ ನೋಡಿದೆ. ಇದು ಏಲಕ್ಕಿ ಬಾಳೆ ಅಲ್ಲ ಗುರು, ನೇಂದ್ರ ಬಾಳೆ. ಚಿಪ್ಸ್ ಮಾಡಬಹುದು.

ಎಲ್ಲೇ_ಅಕ್ಕ:
ನಗಬೇಡಿ, ನಮ್ಮ ಊರಿನ ಕಥೆ ಇದು. ಲಾಸ್ ಏಂಜಲಿಸ್‌ಗೆ ಬಂದು ಮೂವತ್ತು ವರ್ಷ ಆಯಿತು, ಈ ಸೈಕಲ್‌ಗಳ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ.

1960ರ ದಶಕದ ಶುರುವಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಚಿಕ್ಕವರ 20 ಇಂಚಿನ ಸೈಕಲ್ ತಗೊಂಡು, ಅದಕ್ಕೆ ಎತ್ತರದ ಹ್ಯಾಂಡಲ್ ಮತ್ತು ಉದ್ದನೆಯ ಪೋಲೋ ಸೀಟು ಹಾಕಿ ಓಡಾಡುತ್ತಿದ್ದರು. ಮೋಟಾರ್ ಬೈಕ್ ಓಡಿಸೋ ವಯಸ್ಸಿಲ್ಲ, ಆದರೆ ಗತ್ತು ಬೇಕು. ಆ ಸೀಟು ಸೈಕಲ್ ಮೇಲೆ ಪೋಲೋ ಆಡೋಕೆ ಅಂತ ಪರ್ಸನ್ಸ್ ಕಂಪನಿ ಮಾಡಿದ್ದು. ಆ ಆಟ ಹೆಚ್ಚು ನಡೆಯಲಿಲ್ಲ, ಸೀಟು ಮಾತ್ರ ಈ ಹುಡುಗರ ಕೈಗೆ ಸಿಕ್ಕಿತು. ಈ ಸುದ್ದಿ ಶಿಕಾಗೋದ ಶ್ವಿನ್ ಕಾರ್ಖಾನೆಯಲ್ಲಿದ್ದ ಅಲ್ ಫ್ರಿಟ್ಜ್ ಕಿವಿಗೆ ಬಿತ್ತು. 1963ರಲ್ಲಿ ಸ್ಟಿಂಗ್-ರೇ ಬಂತು, ಬೆಲೆ 49 ಡಾಲರ್ 95 ಸೆಂಟ್. ಕಂಪನಿಯೊಳಗೇ ಕೆಲವರು ನಕ್ಕರಂತೆ. ಆಮೇಲೆ ಮಾರಾಟಕ್ಕೆ 20 ಇಂಚಿನ ಟೈರ್ ಸಾಲದೇ ಹೋಯಿತು. ಒಂದು ತಕರಾರು ಹೇಳಿಬಿಡುತ್ತೇನೆ, ಎಲ್ಲರೂ ಸ್ಟಿಂಗ್-ರೇ ಮೊದಲು ಅನ್ನುತ್ತಾರೆ. ಅದೇ ವರ್ಷ ಅದಕ್ಕಿಂತ ಸ್ವಲ್ಪ ಮುಂಚೆ ಹಫಿ ಕಂಪನಿಯವರ ಪೆಂಗ್ವಿನ್ ಸೈಕಲ್ ಬಂದಿತ್ತು. ಪಾಪ, ಅದನ್ನು ಯಾರೂ ನೆನೆಸಿಕೊಳ್ಳಲ್ಲ.

ಕ್ರೇಟ್ ಅನ್ನೋದು ಐದು ವರ್ಷ ಆದ ಮೇಲೆ, 1968ರಲ್ಲಿ. ಆ ಹೊತ್ತಿಗೆ ಅಮೆರಿಕದಲ್ಲಿ ಡ್ರ್ಯಾಗ್ ರೇಸಿನ ಕಾರುಗಳ ಹುಚ್ಚು. ಹಿಂದೆ ದಪ್ಪ ಟೈರ್, ಮುಂದೆ ಚಿಕ್ಕ ಚಕ್ರ. ಅದನ್ನೇ ಸೈಕಲ್‌ಗೆ ಇಳಿಸಿದರು. ಆರೆಂಜ್ ಕ್ರೇಟ್, ಆಪಲ್ ಕ್ರೇಟ್, ಲೆಮನ್ ಪೀಲರ್, ಪೀ ಪಿಕರ್. ಆಮೇಲೆ ಬಿಳಿ ಬಣ್ಣದ ಕಾಟನ್ ಪಿಕರ್, ಅಂದರೆ ಹತ್ತಿ ಬಿಡಿಸುವವ. ಗುಲಾಮರ ಚರಿತ್ರೆ ಇರೋ ದೇಶದಲ್ಲಿ ಮಕ್ಕಳ ಸೈಕಲ್‌ಗೆ ಆ ಹೆಸರು, ನನಗೆ ಇವತ್ತಿಗೂ ಹೇಳೋಕೆ ಮುಜುಗರ. 1971ರಲ್ಲಿ ಮಾತ್ರ ಬಂದದ್ದು ಗ್ರೇ ಗೋಸ್ಟ್. 1973ಕ್ಕೆ ಎಲ್ಲ ಮುಗಿಯಿತು.

ತಿಪಟೂರು_ನೇಪರ್‌ವಿಲ್:
ಗುರು ಸರ್, ನೋಡಿದೆ. ನಂಬರ್ ಎಡಗಡೆ ಹಿಂದಿನ ತಗಡಿನ ಮೇಲೆ ಇದೆ. ಪೇಂಟ್ ತುಂಬಿಕೊಂಡಿತ್ತು, ಅಪ್ಪ ಸೀಮೆಎಣ್ಣೆ ಕೇಳಿದರು, ಇಲ್ಲಿ ಸೀಮೆಎಣ್ಣೆ ಎಲ್ಲಿಂದ ತರಲಿ, ಥಿನ್ನರ್ ಕೊಟ್ಟೆ. ಬಟ್ಟೆಯಲ್ಲಿ ಒರೆಸಿದ ಮೇಲೆ 'ಸಿ ಬಿ' ಅಂತ ಎರಡು ಅಕ್ಷರ ಕಂಡಿತು, ಆಮೇಲೆ ಅಂಕಿಗಳು.

ಮುಂದಿನ ಚಕ್ರ, ಹಿಂದಿನ ಚಕ್ರ ಎರಡೂ 20 ಇಂಚು. ಗೇರ್ ಲಿವರ್ ಇಲ್ಲ. ಸ್ಪ್ರಿಂಗ್ ಇಲ್ಲ, ಸಾದಾ ಫೋರ್ಕ್. ಕೈಯಲ್ಲಿ ಬ್ರೇಕೇ ಇಲ್ಲ, ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಚೈನ್ ಕವರ್ ಮೇಲಿನ ಹೆಸರಿಗೆ ಉಗುರು ಹಾಕಿದೆ. ಎದ್ದು ಬಂತು. ಸ್ಟಿಕ್ಕರ್.

ಉತ್ತರ ಗೊತ್ತಾಗುತ್ತಿದೆ, ಆದರೂ ನಿಮ್ಮ ಬಾಯಿಂದ ಕೇಳೋಣ ಅಂತ.

ಗುಜರಿ_ಗುರು:
ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಜವಾದ ಕ್ರೇಟ್‌ಗೆ ಮುಂದೆ 16 ಇಂಚಿನ ಚಕ್ರ, ಸ್ಪ್ರಿಂಗ್ ಫೋರ್ಕ್, ಸೀಟಿನ ಹಿಂದಿನ ಕಂಬಿಗೂ ಸ್ಪ್ರಿಂಗ್ ಇರುತ್ತದೆ. ಮೊದಲ ವರ್ಷಗಳಲ್ಲಿ ಮುಂದೆ ಡ್ರಮ್ ಬ್ರೇಕ್. 5 ಸ್ಪೀಡಿನದ್ದಾದರೆ ಮೇಲಿನ ಪೈಪ್ ಮೇಲೆ ಆ ಲಿವರ್, ಅದನ್ನು ಸ್ಟಿಕ್-ಶಿಫ್ಟ್ ಅನ್ನುತ್ತಾರೆ. ಗಂಡುಮಕ್ಕಳು ಮುಂದಕ್ಕೆ ಜಾರಿದರೆ ಏನಾಗಬಹುದು ಅಂತ ಯೋಚಿಸಿದವರು ಆಗ ಯಾರೂ ಇರಲಿಲ್ಲ. ಹೆಸರನ್ನು ಕಂಪನಿಯವರು ಸ್ಕ್ರೀನ್ ಪ್ರಿಂಟ್ ಮಾಡುತ್ತಿದ್ದರು, ಅಂಚು ಉಗುರಿಗೆ ಸಿಗಲ್ಲ.

ಇನ್ನು ನಂಬರ್. 1965ರಿಂದ ಶ್ವಿನ್ ಲೆಕ್ಕ ಸುಲಭ. ಮೊದಲ ಅಕ್ಷರ ತಿಂಗಳು: ಎ ಅಂದರೆ ಜನವರಿ, ಹಾಗೇ ಎಣಿಸಿಕೊಂಡು ಹೋಗಿ, ಐ ಬಿಟ್ಟು ಎಂ ತನಕ. ಎರಡನೆಯ ಅಕ್ಷರ ವರ್ಷ: ಎ 1965, ಬಿ 1966. ನಿಮ್ಮದು ಸಿ ಬಿ, 1966ರ ಮಾರ್ಚ್. ಅದು ನಂಬರ್ ಒತ್ತಿದ ತಿಂಗಳು, ಸೈಕಲ್ ಜೋಡಿಸಿದ್ದು ಸ್ವಲ್ಪ ಆಮೇಲೆ ಇರಬಹುದು. ಹೇಗೇ ಆದರೂ ಆರೆಂಜ್ ಕ್ರೇಟ್ ಹುಟ್ಟೋಕೆ ಮುಂಚಿನ ಫ್ರೇಮ್ ಇದು. ಅಜ್ಜನಿಗೆ ಮೊಮ್ಮಗನ ಹೆಸರಿಟ್ಟ ಹಾಗೆ.

ಅಂದರೆ ಯಾರೋ ಒಂದು ಸಾದಾ ಸ್ಟಿಂಗ್-ರೇ ತಗೊಂಡು ಕಿತ್ತಳೆ ಬಳಿದು, ಸ್ಟಿಕ್ಕರ್ ಅಂಟಿಸಿ, ಹೊಸದಾಗಿ ಮಾಡಿದ ನಕಲಿ ಸೀಟು ಹಾಕಿ ಮಾರಿದ್ದಾರೆ. ನಿಮಗೆ ಮಾರಿದವರಿಗೂ ಗೊತ್ತಿರಲಿಕ್ಕಿಲ್ಲ, ಅವರಿಗೂ ಯಾರೋ ಹಾಗೇ ಹೇಳಿ ಕೊಟ್ಟಿರಬಹುದು. ಚೆನ್ನಾಗಿರೋ ಅಸಲಿ ಕ್ರೇಟ್ ಸಾವಿರಗಳಲ್ಲಿ ಹೋಗುತ್ತದೆ, ಅದಕ್ಕೇ ಈ ವೇಷ. 1990ರ ದಶಕದ ಕೊನೆಯಲ್ಲಿ ಶ್ವಿನ್ ಹೆಸರಿನಲ್ಲೇ ಮತ್ತೆ ಕ್ರೇಟ್ ಬಿಟ್ಟರು, ಅದರ ಬಿಡಿಭಾಗ ಹಳೇದಕ್ಕೆ ಹಾಕಿ ಕಲಸುಮೇಲೋಗರ ಮಾಡುವವರೂ ಇದ್ದಾರೆ.

ಆದರೆ ಒಂದು ಮಾತು ಕೇಳಿ. ನಿಮ್ಮ ಕೈಲಿರೋದು ಸುಳ್ಳು ಕ್ರೇಟ್ ನಿಜ, ಆದರೆ 1966ರ ಸ್ಟಿಂಗ್-ರೇ ಅನ್ನೋದು ಸುಳ್ಳಲ್ಲ. ಕಿತ್ತಳೆ ಕೆಳಗೆ ಯಾವ ಬಣ್ಣ ಇದೆ ಅಂತ ಹುಡುಕಿ.

ತಿಪಟೂರು_ನೇಪರ್‌ವಿಲ್:
ರಾತ್ರಿ ನಿದ್ದೆ ಬರಲಿಲ್ಲ. 450 ಡಾಲರ್! ಅಪ್ಪನಿಗೆ ಹೇಳಿದೆ. 'ನಾನು ನೋಡಿದ ದಿನವೇ ಗೊತ್ತಿತ್ತು, ಬ್ರಶ್ಶಲ್ಲಿ ಬಳಿದಿದ್ದಾರೆ ಅಂತ, ನೀನು ಕೇಳಲಿಲ್ಲ ನಾನು ಹೇಳಲಿಲ್ಲ' ಅಂದರು.

ಲೋರೈಡರ್_ಲೋಕೇಶನ್:
ಎಲ್ಲರೂ ಗುರು ಅವರ ಮಾತಿಗೆ ತಲೆ ಆಡಿಸುತ್ತಿದ್ದೀರಿ, ನಾನೊಬ್ಬ ಉಲ್ಟಾ ಹೇಳುತ್ತೇನೆ.

ಈ ಸೈಕಲ್ ಹುಟ್ಟಿದ್ದೇ ಹೇಗೆ? ಹುಡುಗರು ಕಂಪನಿ ಕೊಟ್ಟದ್ದನ್ನು ಬಿಚ್ಚಿ, ಬೇರೆ ಹ್ಯಾಂಡಲ್ ಬೇರೆ ಸೀಟು ಹಾಕಿದ್ದರಿಂದ. ಅಕ್ಕನೇ ಹೇಳಿದರಲ್ಲ. ಆಮೇಲೆ ಇಲ್ಲಿನ ಮೆಕ್ಸಿಕನ್ ಮೂಲದ ಹುಡುಗರು ಇದೇ ಸ್ಟಿಂಗ್-ರೇ ಫ್ರೇಮ್ ತಗೊಂಡು ತಮ್ಮ ಅಣ್ಣಂದಿರ ಕಾರಿನ ಹಾಗೆ ನೆಲಕ್ಕೆ ತಾಗೋ ಹಾಗೆ ಇಳಿಸಿ, ತಿರುಚಿದ ಕಂಬಿ, ನೂರಾರು ಕಡ್ಡಿಯ ಚಕ್ರ, ವೆಲ್ವೆಟ್ ಸೀಟು ಹಾಕಿ ಲೋರೈಡರ್ ಮಾಡಿದರು. 70ರ ದಶಕದಲ್ಲಿ ಇದೇ ಸೈಕಲ್ ಮಣ್ಣಿನ ದಿಬ್ಬದ ಮೇಲೆ ಹಾರಿಸಿ ಬಿಎಂಎಕ್ಸ್ ಅನ್ನೋ ಮಣ್ಣಿನ ಸೈಕಲ್ ರೇಸ್ ಹುಟ್ಟಿತು. ಒಬ್ಬರೂ ಹಳೇ ಪೇಂಟ್ ಉಳಿಸಬೇಕು ಅಂತ ಕೂತಿರಲಿಲ್ಲ. ಕೂತಿದ್ದರೆ ಈ ಯಾವುದೂ ಆಗುತ್ತಿರಲಿಲ್ಲ. ಈಗ ನಾವು ದೊಡ್ಡವರಾಗಿ, ಕೈಯಲ್ಲಿ ಕಾಸು ಬಂದ ಮೇಲೆ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಂಗಳಾರತಿ ಮಾಡುತ್ತಿದ್ದೇವೆ.

ತಿಪಟೂರಿನ ಅಣ್ಣ, ನಿಮ್ಮ ಸೈಕಲ್ ನಿಮ್ಮಿಷ್ಟ. ಪೌಡರ್ ಕೋಟ್ ಹೊಡೆಸಿ, ಮಗನಿಗೆ ಕೊಡಿ, ಓಡಿಸಲಿ.

ಗುಜರಿ_ಗುರು:
ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ಕೋಪ ಬರುತ್ತಿದೆ.

ಆ ಹುಡುಗರು ಬಿಚ್ಚಿದ್ದು ಅಂಗಡಿಯಲ್ಲಿ ರಾಶಿ ಬಿದ್ದಿದ್ದ ಹೊಸ ಸೈಕಲ್. ಒಂದು ಹಾಳಾದರೆ ಇನ್ನೊಂದು. ಶಿಕಾಗೋ ಕಾರ್ಖಾನೆ ಮುಚ್ಚಿ ನಾಲ್ಕು ದಶಕ ಆಯಿತು. ಲೋರೈಡರ್ ಮಾಡೋಕೆ ಇವತ್ತು ಹೊಸ ಫ್ರೇಮ್ ಬೇಕಾದಷ್ಟು ಸಿಗುತ್ತದೆ, ತಗೊಂಡು ಚಿನ್ನದ ನೀರು ಹಾಕಿಸಿ, ನಾನೇ ಬಂದು ಚಪ್ಪಾಳೆ ಹೊಡೆಯುತ್ತೇನೆ.

ಪೇಂಟ್ ವಿಷಯ ಬೇರೆ. ಶ್ವಿನ್‌ನ ಆ ಕಾಲದ ಹೊಳೆಯುವ ಬಣ್ಣಗಳಿವೆಯಲ್ಲ, ಫ್ಲಾಂಬಾಯಂಟ್ ಅನ್ನುತ್ತಿದ್ದರು, ಅದು ಒಂದೇ ಕೋಟ್ ಅಲ್ಲ. ಕೆಳಗೆ ಬೆಳ್ಳಿ ಬಣ್ಣ, ಅದರ ಮೇಲೆ ಗಾಜಿನ ಹಾಗೆ ಒಳಗಿನದ್ದು ಕಾಣುವ ಬಣ್ಣ. ಬಿಸಿಲಿಗೆ ಹಿಡಿದರೆ ಬೆಳಕು ಒಳಗೆ ಹೋಗಿ ಬೆಳ್ಳಿಗೆ ಬಡಿದು ಆಚೆ ಬರುತ್ತದೆ. ಮೈಸೂರು ರೇಷ್ಮೆ ಸೀರೆ ಮಡಿಕೆಯಲ್ಲಿ ಮಿನುಗುತ್ತದಲ್ಲ, ಹಾಗೆ. ಇದನ್ನು ಮತ್ತೆ ಹೊಡೆಯಬಲ್ಲ ಪೇಂಟರ್ ಇದ್ದಾರೆ, ಆದರೆ ಎರಡು ಪೈಪ್ ಸೇರುವ ಜಾಗದಲ್ಲಿ ಬಣ್ಣ ದಟ್ಟವಾಗಿ ನಿಂತುಬಿಡುತ್ತದೆ, ಸಮ ಬರೋದು ಕಷ್ಟ. ಪೌಡರ್ ಕೋಟ್‌ನಲ್ಲಿ ಆ ಕಳೆ ಬರಲ್ಲ, ನಾನು ನೋಡಿದ್ದೆಲ್ಲ ಫ್ರಿಜ್ಜಿನ ಬಾಗಿಲ ಹಾಗಿತ್ತು.

ಡರ್ಬಿ_ಮಂಗ್ಳೂರ್:
ಮಾರಾಯ್ರೆ, ಅಮೆರಿಕದವರೇ ಎಲ್ಲ ಮಾತಾಡಿದರೆ ಹೇಗೆ? ನಮ್ಮದೂ ಒಂದು ಇದೆ. ರ‍್ಯಾಲಿ ಚಾಪರ್. ನಾಟಿಂಗ್‌ಹ್ಯಾಮ್ ನನ್ನ ಮನೆಯಿಂದ ಅರ್ಧ ಗಂಟೆ, ಅದನ್ನು ಮಾಡುತ್ತಿದ್ದದ್ದು ಅಲ್ಲೇ.

ಸ್ಟಿಂಗ್-ರೇ ಓಟ ನೋಡಿ ಹೊಟ್ಟೆ ಉರಿದು ಮಾಡಿದ್ದೇ ಇದು. 1969ರಲ್ಲಿ ಅಮೆರಿಕಕ್ಕೆ, 1970ರಲ್ಲಿ ಬ್ರಿಟನ್‌ಗೆ ಬಿಟ್ಟರು. ಅಲ್ಲಿ ಅಷ್ಟೇನೂ ಹೋಗಲಿಲ್ಲ, ಇಲ್ಲಿ ಮಾತ್ರ ಹುಚ್ಚೆದ್ದಿತು. ಯಾರು ಡಿಸೈನ್ ಮಾಡಿದ್ದು ಅಂತ ಜಗಳ ಇವತ್ತಿಗೂ ಮುಗಿದಿಲ್ಲ. ಕಂಪನಿಯ ಅಲನ್ ಓಕ್ಲಿ ವಿಮಾನದಲ್ಲಿ ಲಕೋಟೆ ಹಿಂದೆ ಚಿತ್ರ ಬರೆದರು ಅಂತ ಒಂದು ಕಡೆ, ಓಗಲ್ ಡಿಸೈನ್‌ನ ಟಾಮ್ ಕರೆನ್ ಮಾಡಿದ್ದು ಅಂತ ಇನ್ನೊಂದು ಕಡೆ. ನಮ್ಮ ಊರಿನ ಪಬ್‌ನಲ್ಲಿ ಈ ಮಾತು ಎತ್ತಿದರೆ ಎದ್ದು ಬರೋಕೆ ಆಗಲ್ಲ.

ಹಿಂದೆ 20 ಇಂಚು, ಮುಂದೆ 16. ಸೀಟು ಹಿಂದಿನ ಚಕ್ರದ ಮೇಲೆಯೇ ಕೂತಂತೆ. ಹಾಗಾಗಿ ಮೊದಲನೇ ಮಾಡೆಲ್‌ನಲ್ಲಿ ಹಿಂದೆ ಇನ್ನೊಬ್ಬ ಕೂತರೆ ಮುಂದಿನ ಚಕ್ರ ಆಕಾಶ ನೋಡುತ್ತಿತ್ತು. ದೂರು ಜಾಸ್ತಿ ಆಗಿ 1972ರ ಮಾರ್ಕ್ 2ರಲ್ಲಿ ಸೀಟನ್ನು ಮುಂದಕ್ಕೆ ತಂದರು. ಸಂಗ್ರಹ ಮಾಡುವವರಿಗೆ ಬೇಕಾದದ್ದು ಆ ಮಾರ್ಕ್ 1ನೇ, ಬೀಳಿಸುವುದಕ್ಕೇ ಬೆಲೆ ಜಾಸ್ತಿ ನೋಡಿ.

ನನ್ನ ಹತ್ತಿರ ಇರೋದು ಮಾರ್ಕ್ 2, ಅಲ್ಟ್ರಾ ವಯೊಲೆಟ್ ಬಣ್ಣ. ಇದರ ವಯಸ್ಸು ಕಂಡುಹಿಡಿಯೋಕೆ ಹಿಂದಿನ ಚಕ್ರದ ನಡುವೆ ಗೇರ್ ಇರೋ ಸ್ಟರ್ಮಿ-ಆರ್ಚರ್ ಹಬ್ ನೋಡಿದರೆ ಸಾಕು, ವರ್ಷ ತಿಂಗಳು ಒತ್ತಿರುತ್ತಾರೆ. ಹಬ್ ಬದಲಾಗಿರಬಹುದು, ಅದೊಂದು ನೆನಪಿರಲಿ. ಒಳಗೆ ಗಿರೀಸು ತುಂಬಬೇಡಿ, ಸಣ್ಣ ಮುಚ್ಚಳ ತೆಗೆದು ನಾಲ್ಕು ಹನಿ ತೆಳು ಎಣ್ಣೆ ಬಿಟ್ಟರೆ ಸಾಕು. ಗೇರ್ ಸರಿ ಕೂರದಿದ್ದರೆ ಎರಡನೇ ಗೇರ್‌ನಲ್ಲಿಟ್ಟು ಆ ಚಿಕ್ಕ ಸರಪಳಿಯ ಕಡ್ಡಿ ಆಕ್ಸಲ್ ತುದಿಗೆ ಸಮ ಬರುವ ಹಾಗೆ ಎಳೆದು ಬಿಗಿ ಮಾಡಿ. ಐವತ್ತು ವರ್ಷದ ಹಬ್, ಮೊದಲ ದಿನವೇ ಓಡಿತು ಮಾರಾಯ್ರೆ.

ಅಂದ ಹಾಗೆ, ಚಾಪರ್ ಮಾಡುವಾಗ ರ‍್ಯಾಲಿ ಇದ್ದದ್ದು ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಕೈಯಲ್ಲಿ. ಅದೇ ಟಿಐ, ಮದ್ರಾಸಿನ ಅಂಬತ್ತೂರಿನಲ್ಲಿ ಮುರುಗಪ್ಪ ಅವರ ಜೊತೆ ಸೇರಿ ಹರ್ಕ್ಯುಲಿಸ್, ಬಿಎಸ್ಎ ಮಾಡಿದ ಟಿಐ. ತಿಪಟೂರಿನ ನಿಮ್ಮ ತಂದೆಯವರು ಓವರಾಯ್ಲಿಂಗ್ ಮಾಡಿದ ಸೈಕಲ್ಲುಗಳು ಚಾಪರ್‌ಗೆ ದಾಯಾದಿಗಳು.

ಬೆಂಗಳೂರು_ಪೆಡಲ್:
ಅಣ್ಣಂದಿರಾ, ಬೆಂಗಳೂರಿನಲ್ಲಿ ಇಂಥದ್ದೊಂದು ಬೇಕು ಅಂದರೆ ದಾರಿ ಏನು? ಅಲ್ಲಿಂದ ಕಳಿಸೋಕೆ ಆಗುತ್ತದಾ?

ಡರ್ಬಿ_ಮಂಗ್ಳೂರ್:
ಕಳಿಸಬಹುದು. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಸೈಕಲ್‌ಗಿಂತ ಅದೇ ಜಾಸ್ತಿ ಆಗುತ್ತದೆ. 2023ರಲ್ಲಿ ರ‍್ಯಾಲಿಯವರೇ ಹಳೇ ಮಾರ್ಕ್ 2ರ ಹಾಗೆ ಹೊಸ ಚಾಪರ್ ಬಿಟ್ಟರು, 950 ಪೌಂಡ್. ಅದಕ್ಕೇ ಜನ ಕ್ಯೂ. ನೀವು ಸುಮ್ಮನೆ ಊರಿಗೆ ಬರುವವರ ಕೈಯಲ್ಲಿ ಸೀಟು, ಹ್ಯಾಂಡಲ್ ತರಿಸಿಕೊಂಡು ಅಲ್ಲಿಯ ಮಕ್ಕಳ 20 ಇಂಚಿನ ಸೈಕಲ್‌ಗೆ ಹಾಕಿ. ಕ್ಯಾಲಿಫೋರ್ನಿಯಾ ಹುಡುಗರು ಮಾಡಿದ್ದೂ ಅದನ್ನೇ ಅಲ್ವಾ. ಹ್ಯಾಂಡಲ್ ಎತ್ತರ ಆದರೆ ಬ್ರೇಕ್ ಕೇಬಲ್ ಸಾಲಲ್ಲ, ಉದ್ದದ್ದು ಹಾಕಿಸಿ.

ತಿಪಟೂರು_ನೇಪರ್‌ವಿಲ್:
ಹತ್ತು ದಿನ ಆಯಿತು, ಹೊಸ ಸುದ್ದಿ ಇದೆ.

ಅಪ್ಪ ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಪೆಡಲ್ ಹತ್ತಿರ ಕೆಳಗಡೆ ಯಾರಿಗೂ ಕಾಣದ ಜಾಗದಲ್ಲಿ ಉಗುರಲ್ಲಿ ಕೆರೆದರು. ಕಿತ್ತಳೆ ಬಣ್ಣ ಸಿಪ್ಪೆ ಹಾಗೆ ಎದ್ದಿತು. ಬಳಿದವರು ಕೆಳಗಿನ ಪೇಂಟ್ ಉಜ್ಜದೆ, ಮೇಣ ಕೂಡ ಒರೆಸದೆ ಮೇಲೆ ಬಳಿದಿದ್ದಾರೆ. ಅವರ ಸೋಮಾರಿತನಕ್ಕೆ ನನ್ನ ನಮಸ್ಕಾರ. ಅದರ ಕೆಳಗೆ ನೇರಳೆ. ಸಾದಾ ನೇರಳೆ ಅಲ್ಲ, ಗುರು ಸರ್ ಹೇಳಿದ ಅದೇ, ಬಿಸಿಲಿಗೆ ತಂದರೆ ಒಳಗಿಂದ ಬೆಳ್ಳಿ ಮಿನುಗುತ್ತದೆ. ನೇರಳೆ ಹಣ್ಣು ತಿಂದು ನಾಲಿಗೆ ಚಾಚಿದ ಹಾಗಿದೆ ಅಂತ ನನ್ನ ಮಗಳು ಅಂದಳು.

ಈಗ ನಮ್ಮ ಗ್ಯಾರೇಜಿನಲ್ಲಿ ದಿನಾ ಸಂಜೆ ಇದೇ ಕೆಲಸ. ಅಪ್ಪ ಪ್ಲಾಸ್ಟಿಕ್ ಚಮಚ ಮುರಿದು ಅದರ ಅಂಚಲ್ಲಿ ಕೆರೆಯುತ್ತಾರೆ, ಲೋಹದ್ದು ಮುಟ್ಟೋಕೆ ಬಿಡಲ್ಲ. ಸಲೀಸಾಗಿ ಏಳದ ಕಡೆ ಗೋಡೆ ಮೇಲಿನ ಸ್ಪ್ರೇ ಬಣ್ಣ ತೆಗೆಯುವ ದ್ರವ ಹತ್ತಿಗೆ ಹಾಕಿ, ಮೊದಲು ಅಡಿಯಲ್ಲಿ ಪರೀಕ್ಷೆ ಮಾಡಿ, ಅರ್ಧ ನಿಮಿಷ ಇಟ್ಟು ಒರೆಸುತ್ತೇವೆ. ಒಂದು ಕಡೆ ಜಾಸ್ತಿ ಹೊತ್ತು ಇಟ್ಟು ನೇರಳೆಯೂ ಎದ್ದು ಬೆಳ್ಳಿ ಕಂಡುಬಿಟ್ಟಿತು, ಕಾಸಿನ ಅಗಲ. ಮಾಡಿದ್ದು ನಾನೇ. ಅಪ್ಪ ಏನೂ ಅನ್ನಲಿಲ್ಲ, ಬಾಟಲಿ ಮಾತ್ರ ನನ್ನ ಕೈಯಿಂದ ತಗೊಂಡರು.

ಚೈನ್ ಕವರ್ ಮೇಲೆ ಸ್ಟಿಕ್ಕರ್ ಕೆಳಗೆ, ಕಿತ್ತಳೆ ಕೆಳಗೆ, ಸ್ಟಿಂಗ್-ರೇ ಅನ್ನೋ ಅಕ್ಷರ ಇದೆ. ಮುಕ್ಕಾಲು ಉಳಿದಿದೆ.

ಎಲ್ಲೇ_ಅಕ್ಕ:
ಅಯ್ಯೋ ಎಷ್ಟು ಚೆನ್ನಾಗಿದೆ ಫೋಟೋ! ಆ ಕಾಸಿನ ಅಗಲದ ಗಾಯ ಹಾಗೇ ಬಿಡಿ, ತೇಪೆ ಹಾಕೋಕೆ ಹೋಗಬೇಡಿ.

ಒಂದು ಎಚ್ಚರಿಕೆ. ಮನೆಯಲ್ಲಿ ಮಗು ಇದೆ. ಅಮೆರಿಕದಲ್ಲಿ ಸೀಸ ಇರೋ ಪೇಂಟ್ ನಿಷೇಧ ಆದದ್ದು 1978ರಲ್ಲಿ. ಅದಕ್ಕೆ ಹಿಂದಿನದ್ದು ಯಾವುದೇ ಇರಲಿ, ಒಣ ಮರಳು ಕಾಗದ ಹಾಕಿ ಉಜ್ಜಬೇಡಿ, ಧೂಳು ಏಳಬಾರದು. ಕೆರೆದ ಸಿಪ್ಪೆ ಕಾಗದದಲ್ಲಿ ಸುತ್ತಿ ತೆಗೆಯಿರಿ, ಒಳಗೆ ಹೋಗುವ ಮುಂಚೆ ಕೈ ತೊಳೆಯಿರಿ.

ಕ್ರೋಮ್ ತುಕ್ಕಿಗೆ ದುಬಾರಿ ಏನೂ ಬೇಡ. ಅಡುಗೆ ಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ. ಕಪ್ಪು ಕೊಳೆ ಬರುತ್ತದೆ, ಒರೆಸಿದರೆ ಹೊಳೆಯುತ್ತದೆ. ನಾನು ಒಮ್ಮೆ ದೇವರ ದೀಪ ತೊಳೆದು ಮಿಕ್ಕಿದ ಹುಣಸೆಹಣ್ಣು ಹಚ್ಚಿದ್ದೆ, ಅದೂ ಸುಮಾರಾಗಿ ಕೆಲಸ ಮಾಡಿತು, ತಕ್ಷಣ ತೊಳೆದು ಒಣಗಿಸಬೇಕು ಅಷ್ಟೆ. ಬಿಡಿ ನಟ್ಟು ಬೋಲ್ಟುಗಳಿಗೆ ಆಕ್ಸಾಲಿಕ್ ಆಮ್ಲ ಒಳ್ಳೇದು, ಬಕೆಟ್ ನೀರಿಗೆ ಎರಡು ಮೂರು ಚಮಚ, ಒಂದು ರಾತ್ರಿ. ಅದು ವಿಷ, ಕೈಗವಸು ಹಾಕಿ, ಮಗಳ ಕೈಗೆ ಸಿಗದ ಹಾಗೆ ಇಡಿ. ಆ ನೇರಳೆ ಪೇಂಟ್ ಮೇಲೆ ಮಾತ್ರ ಅದನ್ನು ಹಾಕಬೇಡಿ. ಎಲ್ಲಿ ಕ್ರೋಮ್ ಪೂರ್ತಿ ಎದ್ದು ಹೋಗಿದೆಯೋ ಅಲ್ಲಿ ಏನು ಉಜ್ಜಿದರೂ ಬರಲ್ಲ.

ತಿಪಟೂರು_ನೇಪರ್‌ವಿಲ್:
ಅಕ್ಕ, ಫಾಯಿಲ್ ಮಂತ್ರ ಕೆಲಸ ಮಾಡಿತು. ಹ್ಯಾಂಡಲ್‌ನಲ್ಲಿ ಮುಖ ಕಾಣುತ್ತಿದೆ.

ಈ ವಾರ ಎರಡು ಪಾಠ. ಒಂದು, ಪೆಡಲ್ ಕ್ರ್ಯಾಂಕ್. ಇದರಲ್ಲಿ ಎಡ ಬಲ ಎರಡೂ ಸೇರಿ ಒಂದೇ ಕಬ್ಬಿಣ, ಬಗ್ಗಿಸಿದ ಹಾಗಿದೆ. ಎಡಗಡೆ ನಟ್ಟು ಬಿಚ್ಚೋಕೆ ಅರ್ಧ ಗಂಟೆ ಒದ್ದಾಡಿದೆ, ಪಾನಾ ಜಾರಿ ಬೆರಳು ಕಿತ್ತುಕೊಂಡಿತು. ಅಪ್ಪ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಾ 'ಉಲ್ಟಾ ಮರೆ ಕಣೋ' ಅಂದರು. ಎಡಗಡೆಯ ನಟ್ಟೂ ಕೋನೂ ಎರಡೂ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇಂಥ ಕ್ರ್ಯಾಂಕ್ ಅವರು ಜನ್ಮದಲ್ಲಿ ನೋಡಿಲ್ಲ. ಹೇಗೆ ಗೊತ್ತಾಯಿತು ಅಂದರೆ 'ಎಡಗಡೆ ಪೆಡಲ್ ಉಲ್ಟಾ ಇರುವಾಗ ಇದು ನೆಟ್ಟಗಿರುತ್ತಾ' ಅಂದರು. ಒಳಗಿನ ಗಿರೀಸು ಬೆಲ್ಲದ ಪಾಕದ ಹಾಗೆ ಗಟ್ಟಿ. ಗುಂಡುಗಳು ಮಾತ್ರ ಕನ್ನಡಿ.

ಎರಡನೇದು ಟೈರ್. 20 ಇಂಚು 1.75 ಅಂತ ಹೊಸದು ತರಿಸಿದೆ. ಹಿಂದಿನ ಚಕ್ರಕ್ಕೆ ಕೂತಿತು, ಮುಂದಿನದ್ದಕ್ಕೆ ಕೂರುತ್ತಲೇ ಇಲ್ಲ. ಎರಡು ಟೈರ್ ಲಿವರ್ ಮುರಿದೆ. ರಿಮ್ ಮೇಲೆ ಎಸ್-7 ಅಂತ ಇದೆ. ಇದೇನು?

ಗುಜರಿ_ಗುರು:
ಆ ಗುಂಡಿಗೆ ನಾವೆಲ್ಲ ಬಿದ್ದವರೇ. 1.75 ಬೇರೆ, ಒಂದೂ ಮುಕ್ಕಾಲು ಬೇರೆ! ಲೆಕ್ಕದ ಮೇಷ್ಟ್ರಿಗೆ ಹೇಳಿದರೆ ಹೊಡೆಯುತ್ತಾರೆ. 20 ಇಂಚು 1.75 ಅಂತ ದಶಮಾಂಶದಲ್ಲಿ ಬರೆದ ಟೈರ್ ಕೂರುವ ರಿಮ್ 406 ಮಿಲಿಮೀಟರ್. ಶ್ವಿನ್ ಎಸ್-7ರ ಒಂದೂ ಮುಕ್ಕಾಲು ಟೈರ್‌ಗೆ 419. ಹದಿಮೂರು ಮಿಲಿಮೀಟರ್ ವ್ಯತ್ಯಾಸ, ಭೀಮನೇ ಬಂದರೂ ಕೂರಲ್ಲ. ಭಿನ್ನರಾಶಿಯಲ್ಲಿ 1-3/4 ಅಂತ ಬರೆದು, ಶ್ವಿನ್ ಎಸ್-7ಕ್ಕೆ ಅಂತ ಹೇಳಿರುವುದನ್ನೇ ತರಿಸಿ. ಹಿಂದಿನದ್ದು ಎಸ್-2 ರಿಮ್ ಇರಬೇಕು, ಅದು 406, ಅದಕ್ಕೇ ಕೂತಿದ್ದು.

ಹಿಂದಿನ ಹಬ್ ಮೇಲೆ ಏನಾದರೂ ಪಟ್ಟಿ ಇದೆಯಾ ನೋಡಿದಿರಾ?

ತಿಪಟೂರು_ನೇಪರ್‌ವಿಲ್:
ಹಳದಿ ಪಟ್ಟಿ ಮೂರು. ಬೆಂಡಿಕ್ಸ್ ಅಂತ ಇದೆ.

ಗುಜರಿ_ಗುರು:
ಕೂತುಕೊಂಡಿದ್ದೀರಾ? ಅದು ಎರಡು ಸ್ಪೀಡಿನ ಆಟೊಮ್ಯಾಟಿಕ್ ರೀ! ಓಡಿಸುವಾಗ ಪೆಡಲ್ ಸ್ವಲ್ಪ ಹಿಂದಕ್ಕೆ ಒದೆಯಿರಿ, ಗೇರ್ ಬದಲಾಗುತ್ತದೆ. ಪೂರ್ತಿ ಹಿಂದಕ್ಕೆ ತುಳಿದರೆ ಬ್ರೇಕ್. ಲಿವರ್ ಇಲ್ಲ, ಕೇಬಲ್ ಇಲ್ಲ. ಅದನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ, ಬಿಚ್ಚಿದರೆ ಪ್ರತಿ ಹೆಜ್ಜೆಗೂ ಫೋಟೋ ತೆಗೆದುಕೊಳ್ಳಿ. ಆ ಹಬ್ಬೇ ನಿಮ್ಮ ದುಡ್ಡಿನಲ್ಲಿ ಒಂದು ಪಾಲು ವಾಪಸ್ ತಂದುಕೊಟ್ಟಿದೆ.

ತಿಪಟೂರು_ನೇಪರ್‌ವಿಲ್:
ನಿನ್ನೆ ಮುಗಿಯಿತು. ಅಪ್ಪ ಚಕ್ರದ ಔಟ್ ತೆಗೆದರು, ಅಂದರೆ ಓಲಾಡದ ಹಾಗೆ ನೇರ ಮಾಡಿದರು. ಸ್ಟ್ಯಾಂಡ್ ಇಲ್ಲ ಏನಿಲ್ಲ, ಫೋರ್ಕ್‌ಗೇ ಒಂದು ಪೆನ್ಸಿಲ್ ಕಟ್ಟಿ, ಕಡ್ಡಿಗಳನ್ನು ಬೆರಳಲ್ಲಿ ಮೀಟಿ ಶಬ್ದ ಕೇಳಿ ಕೇಳಿ ಬಿಗಿ ಮಾಡಿದರು. ನೇರಳೆ ಫ್ರೇಮ್ ಮೇಲೆ ಮೇಣ ಹಚ್ಚಿದ್ದೇವೆ ಅಷ್ಟೆ. ಗೀರು, ಕಲೆ ಎಲ್ಲ ಹಾಗೇ ಇದೆ. ಸೀಟು ಒಂದು ಹಳೇದು ಸಿಕ್ಕಿತು, ಬಿಳಿ, ಅಡಿಯಲ್ಲಿ ಪರ್ಸನ್ಸ್ ಹೆಸರು ಒತ್ತಿದೆ, ಒಂದು ಕಡೆ ಹೊಲಿಗೆ ಬಿಟ್ಟಿದೆ.

ಮಗಳು ಓಡಿಸಿದಳು. ಆಮೇಲೆ ಅಪ್ಪ ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡಿಕೊಂಡು, ಪಂಚೆ ಎತ್ತಿ ಕಟ್ಟಿ ಹತ್ತಿದರು. ಎದುರು ಮನೆಯವರು ಕಿಟಕಿಯಿಂದ ವಿಡಿಯೋ ಮಾಡಿದ್ದಾರೆ, ಅದು ಈಗ ಬೀದಿಯವರೆಲ್ಲರ ಫೋನಿನಲ್ಲಿದೆ. ಪೆಡಲ್ ಹಿಂದಕ್ಕೆ ಒದ್ದು ಗೇರ್ ಬದಲಾದಾಗ ಅವರ ಮುಖ ನೋಡಬೇಕಿತ್ತು. ಮೂರು ಸುತ್ತು ಬಂದರು, ಇಳಿಯಲಿಲ್ಲ.

ಲೋರೈಡರ್_ಲೋಕೇಶನ್:
ನನ್ನ ವಾದ ನಾನು ಬಿಟ್ಟಿಲ್ಲ, ಆದರೆ ಆ ನೇರಳೆ ಚೆನ್ನಾಗಿದೆ ಅಣ್ಣ. ಅದಿರಲಿ, ಆ ನಕಲಿ ಕಿತ್ತಳೆ ಸೀಟು, ಹಿಂದಿನ ಎತ್ತರದ ಕಂಬಿ ಏನು ಮಾಡಿದಿರಿ? ಬಿಸಾಡಬೇಡಿ, ನನ್ನ ಹೊಸ ಫ್ರೇಮ್‌ಗೆ ಬೇಕು. ದುಡ್ಡು ಕೊಡುತ್ತೇನೆ.

ತಿಪಟೂರು_ನೇಪರ್‌ವಿಲ್:
ಸೀಟು ಸಿಗಲ್ಲ. ಅಪ್ಪ ಆಗಲೇ ಸೂಟ್‌ಕೇಸ್‌ನಲ್ಲಿ ಅಡ್ಡ ಇಟ್ಟು ಅಳತೆ ನೋಡಿದ್ದಾರೆ, ತಂಗಿಯ ಮಗನ ಸೈಕಲ್‌ಗೆ ಹಾಕುತ್ತಾರಂತೆ. ಕಂಬಿ ನಿಮಗೇ, ದುಡ್ಡು ಬೇಡ, ಸಾಗಣೆ ಖರ್ಚು ನಿಮ್ಮದು.